ಎದೆ ಮೇಲೆ ಹತ್ತಿ ಕೂತವಳು: ಗೆಳೆಯನಿಗೊಂದು ಪತ್ರ

ಲೋ ಮಗಾ,

ಆ ಪೇಂಟಿಂಗ್ ಕಳಿಸಿ "ಗಂಡು ಅಂದ್ರೆ ಹಿಂಗಿರ್ಬೇಕು" ಅಂತ ಬರ್ದಿದ್ಯಲ್ಲ, ಅದಕ್ಕೆ ಉತ್ತರ ವಾಟ್ಸಾಪಲ್ಲಿ ಮುಗಿಯಲ್ಲ ಕಣೋ, ಅದಕ್ಕೇ ಇಲ್ಲಿ ಎಲ್ರ ಮುಂದೆ ಬರೀತಿದೀನಿ, ಬೈಬೇಡ.

ಫ್ರೆಂಚ್ ಕಲಾವಿದ ಗುಸ್ತಾವ್ ಮೊರೊ 1864ರಲ್ಲಿ ಪ್ಯಾರಿಸ್ಸಿನ ಸಲೋನ್ ಅನ್ನೋ ಕಲಾ ಪ್ರದರ್ಶನಕ್ಕೆ ಇಟ್ಟ ಚಿತ್ರ ಅದು, ಈಡಿಪಸ್ ಮತ್ತು ಸ್ಫಿಂಕ್ಸ್. ಗ್ರೀಕ್ ಕತೆಲಿ ಸ್ಫಿಂಕ್ಸ್ ಅಂದ್ರೆ ಒಗಟು ಕೇಳಿ, ಉತ್ತರ ಹೇಳ್ದೇ ಇದ್ದೋರನ್ನ ಕೊಲ್ಲೋ ರಾಕ್ಷಸಿ, ಆ ಒಗಟು ಬಿಡಿಸಿದವನು ಈಡಿಪಸ್. ಈಗ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿದೆ. 1808ರಲ್ಲಿ ಆಂಗ್ರ್ ಅನ್ನೋ ಇನ್ನೊಬ್ಬ ಫ್ರೆಂಚ್ ಕಲಾವಿದ ಬರೆದ ಈಡಿಪಸ್ ನೋಡು, ಬಂಡೆ ಮೇಲೆ ಕಾಲಿಟ್ಟು ಬೆರಳು ತೋರಿಸಿ ಉತ್ತರ ಹೇಳ್ತಿದಾನೆ, ಸ್ಫಿಂಕ್ಸ್ ನೆರಳಲ್ಲಿದೆ, ನೀನು ಹೇಳೋ ಗಂಡು ಅವನು. ಮೊರೊ ಮಾತ್ರ ಇಬ್ಬರ ನಡುವಿನ ಅಂತರಾನೇ ತೆಗೆದುಹಾಕಿದಾನೆ. ಹೆಣ್ಣಿನ ಮುಖ, ರೆಕ್ಕೆ, ಸಿಂಹದ ಮೈ, ಅಷ್ಟೆಲ್ಲ ಇದ್ರೂ ಅವಳು ಎಷ್ಟು ಸಣ್ಣವಳು ನೋಡು, ಬೆಕ್ಕು ಬಟ್ಟೆಗೆ ಉಗುರು ಹಾಕಿ ನೇತಾಡ್ದಂಗೆ ಅವನ ಎದೆಗೆ ಅಂಟ್ಕೊಂಡಿದಾಳೆ. ಕೆಳಗೆ ಸತ್ತವರ ಕೈಕಾಲು ಬಿದ್ದಿದೆ. ಆದ್ರೂ ಕೈಲಿರೋ ಈಟಿನ ಅವನು ಅವಳ ಮೇಲೆ ಎತ್ತಿಲ್ಲ, ಇಬ್ರೂ ಕಣ್ಣಲ್ಲಿ ಕಣ್ಣಿಟ್ಟು ಸುಮ್ನೆ ನೋಡ್ತಿದಾರೆ.

ನಂಗೆ ಇದು ಧೈರ್ಯ ಅನ್ಸಲ್ಲ. ಹೊತ್ತು ಹೊತ್ತು ಅಭ್ಯಾಸ ಆಗ್ಬಿಟ್ಟಿರೋ ಭಯ ಅನ್ಸತ್ತೆ.

ಅವಳ ಒಗಟು ನಿಂಗೂ ಗೊತ್ತು, ಬೆಳಗ್ಗೆ ನಾಲ್ಕು ಕಾಲಲ್ಲಿ, ಮಧ್ಯಾಹ್ನ ಎರಡರಲ್ಲಿ, ಸಂಜೆ ಮೂರರಲ್ಲಿ ನಡೆಯೋದು ಯಾವುದು ಅಂತ. ಉತ್ತರ ಮನುಷ್ಯ, ಮಗುವಾಗಿದ್ದಾಗ ಅಂಬೆಗಾಲು, ಮುಪ್ಪಲ್ಲಿ ಕೋಲೇ ಮೂರನೇ ಕಾಲು. ನಾವು ಸ್ಕೂಲಲ್ಲಿ ಇದನ್ನ ಕ್ವಿಜ್ ಪ್ರಶ್ನೆ ಅಂತ ಕಲಿತ್ವಿ, ಈಗ ಆ ಸಂಜೆಯ ಮೂರನೇ ಕಾಲು ಬಿಟ್ರೆ ಬೇರೇನೂ ತಲೇಲಿ ನಿಲ್ಲಲ್ಲ. ಅಮ್ಮ ಕೋಲು ಹಿಡಿದಿದಾಳೆ ಕಣೋ. ಅಪ್ಪ ಹೋದ್ಮೇಲೆ ಊರಲ್ಲಿ ಒಬ್ಬಳೇ, ಇಲ್ಲಿಗೆ ಬಾ ಅಂದ್ರೆ ಹಸು ಯಾರು ನೋಡ್ಕೋತಾರೆ ಅಂತಾಳೆ, ರಾತ್ರಿ ಹೊತ್ತು ಫೋನ್ ರಿಂಗಾದ್ರೆ ಸಾಕು, ಹೆಸರು ನೋಡೋಕೆ ಮುಂಚೆನೇ ಎದೆ ಮೇಲೆ ಯಾರೋ ಹತ್ತಿ ಕೂತಂಗಾಗತ್ತೆ. ಇದನ್ನ ಮನೇಲೂ ಯಾರ್ಗೂ ಹೇಳಿಲ್ಲ. ಉತ್ತರ ಗೊತ್ತಿದ್ರೂ ಈ ಒಗಟು ಇಳಿದು ಹೋಗಲ್ಲ.

ಸರಿ, ಇಷ್ಟೆಲ್ಲ ಬರೀಬೇಕು ಅಂತ ಕೂತಿರ್ಲಿಲ್ಲ, ಬಿಡು. ಭಾನುವಾರ ಬರ್ತೀಯಲ್ಲ. ಅಷ್ಟರೊಳಗೆ ಆ ಚಿತ್ರನ ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿ ಈಡಿಪಸ್ ಮುಖ ಒಂದೇ ನೋಡ್ಕೊಂಡು ಬಾ, ಅವನು ಹೆದರಿದಾನೋ ಇಲ್ವೋ ನೀನೇ ಹೇಳ್ಬೇಕು.