ನೀರು ಇಳಿದು 23 ದಿನ ಕಳೆದರೂ ಕೆಳಸೇತುವೆ, ಬಸ್ಸು, ಒಳಚರಂಡಿ ಯಾವುದೂ ಸರಿಯಾಗದಿರುವ ಬಗ್ಗೆ ನಿವಾಸಿಗಳ ಮನವಿ

ಗೆ,
ವಲಯ ಆಯುಕ್ತರು ಹಾಗೂ ರಾಜಕಾಲುವೆ ವಿಭಾಗದ ಮುಖ್ಯ ಎಂಜಿನಿಯರ್,
ನಗರ ಪಾಲಿಕೆ, ಬೆಂಗಳೂರು

ಇವರಿಂದ,
ಕೆರೆ ಕೆಳಗಿನ ಬಡಾವಣೆಯ 1ರಿಂದ 9ನೇ ಅಡ್ಡರಸ್ತೆಯ ನಿವಾಸಿಗಳು

ವಿಷಯ: ಕೆಳಸೇತುವೆಯ ಪಂಪು ಮತ್ತು ಮಳೆನೀರಿನ ದೊಡ್ಡ ಕಾಲುವೆಯಾದ ರಾಜಕಾಲುವೆಯ ಹಿಮ್ಮುಖ ಹರಿವನ್ನು ಹಿಂಗಾರು ಮಳೆಗೆ ಮುಂಚೆ ಸರಿಪಡಿಸುವುದು, ಬಸ್ ಸಂಚಾರ ಮತ್ತೆ ಆರಂಭಿಸುವುದು ಹಾಗೂ ಬಡಾವಣೆಯ ಇತರ ಬಾಕಿ ಕೆಲಸಗಳ ಬಗ್ಗೆ.

ಮಾನ್ಯರೇ,

ಈ ವಿಷಯದಲ್ಲಿ ತಮಗೆ ಬರೆಯುತ್ತಿರುವ ಏಳನೇ ಪತ್ರ ಇದು. ಹಿಂದಿನ ಆರಕ್ಕೂ ಸ್ವೀಕೃತಿಯ ಮೊಹರು ಇದೆ, ಉತ್ತರ ಇಲ್ಲ.

ನೀರು ಇಳಿದ ಮಾರನೇ ದಿನವೇ ತಮ್ಮ ಕಚೇರಿಯಿಂದ "ಪರಿಸ್ಥಿತಿ ಸಹಜ ಸ್ಥಿತಿಗೆ ಮರಳಿದೆ" ಎಂದು ಪ್ರಕಟಣೆ ಹೊರಟಿತು. ಅಂದು 4ನೇ ಅಡ್ಡರಸ್ತೆಯಲ್ಲಿ ಮೊಣಕಾಲುದ್ದ ಹೂಳು ಇತ್ತು. ಅಂಗನವಾಡಿಯ ಗೋಡೆಯಲ್ಲಿ ನೀರು ನಿಂತ ಗೆರೆ ಇಂದಿಗೂ ಹಾಗೇ ಇದೆ. ಮಕ್ಕಳ ಅಕ್ಷರಮಾಲೆಯ ಪಟದಲ್ಲಿ ಸ್ವರಗಳ ಸಾಲು ಉಳಿದಿದೆ, ವ್ಯಂಜನಗಳೆಲ್ಲ ಕೆಸರಲ್ಲಿ ಅಳಿಸಿಹೋಗಿವೆ. ಆ ಗೆರೆ ನೆಲದಿಂದ ಮೂರು ಅಡಿ ಎರಡು ಅಂಗುಲ ಎತ್ತರದಲ್ಲಿದೆ. ಇಂಥ ಕಡೆ ಸಹಜ ಸ್ಥಿತಿ ಎಂದು ಬರೆದವರು ಇಲ್ಲಿಗೆ ಕಾಲಿಟ್ಟಿರಲಿಲ್ಲ.

ಮೊದಲು ಮುಖ್ಯ ವಿಷಯ, ಕೆಳಸೇತುವೆ.

ಈ ಸೇತುವೆಯತ್ತ ಇಳಿಯುವ ರಸ್ತೆಗಳು, ಅಂಗಳಗಳು ಸೇರಿ ಸುಮಾರು 2 ಹೆಕ್ಟೇರ್ ಜಾಗ. ಎಲ್ಲ ಕಾಂಕ್ರೀಟು, ಡಾಂಬರು. ನೀರು ಇಂಗಲು ಬರಿ ಮಣ್ಣೇ ಇಲ್ಲ. ಗಂಟೆಗೆ 50 ಮಿ.ಮೀ. ಮಳೆ ಸುರಿದರೆ ಅಲ್ಲಿಗೆ ಇಳಿಯುವ ನೀರು 10 ಲಕ್ಷ ಲೀಟರ್. ಅಲ್ಲಿರುವ ಎರಡು ಪಂಪುಗಳೂ ಓಡಿದರೆ ಗಂಟೆಗೆ 4 ಲಕ್ಷ ಲೀಟರ್ ಎತ್ತಬಹುದು. ಉಳಿದ 6 ಲಕ್ಷ ಲೀಟರ್ ಎಲ್ಲಿಗೆ ಹೋಗಬೇಕು? 60 ಮೀಟರ್ ಉದ್ದ, ಏಳೂವರೆ ಮೀಟರ್ ಅಗಲದ ಆ ಗುಂಡಿಯಲ್ಲಿ ಅದು ನಾಲ್ಕಡಿಗಿಂತ ಮೇಲೆ ನಿಲ್ಲುತ್ತದೆ. ಒಂದು ಪಂಪು ಕೆಟ್ಟರೆ ಆಳೆತ್ತರ. ಈ ಲೆಕ್ಕ ಮಾಡಲು ಸಲಹೆಗಾರ ಸಂಸ್ಥೆ ಬೇಕಿಲ್ಲ, ಒಂದು ಹಾಳೆ ಸಾಕು. ಆ ಹಾಳೆಯನ್ನು ಎರಡನೇ ಪತ್ರದ ಜೊತೆಗೇ ಕೊಟ್ಟಿದ್ದೆವು.

ಬಡಾವಣೆಗೆ ನೀರು ನುಗ್ಗಿದ ಸಂಜೆ ಆ ಎರಡು ಪಂಪುಗಳೂ ಓಡಲಿಲ್ಲ. ಕಾರಣ ಕೆಳಗಿದೆ, ದಯವಿಟ್ಟು ಕಡತಕ್ಕೆ ಸೇರಿಸಿ ಎತ್ತಿಡುವ ಮುನ್ನ ಓದಿ. ಪಂಪು ನೀರಲ್ಲಿ ಮುಳುಗಿಯೇ ಓಡುವ ಜಾತಿಯದ್ದು, ಅದಕ್ಕೇನೂ ಆಗಿಲ್ಲ. ಅದರ ಸ್ಟಾರ್ಟರ್ ಪ್ಯಾನೆಲ್ಲನ್ನು ಸೇತುವೆಯ ಒಳಗೋಡೆಗೆ, ರಸ್ತೆಯಿಂದ ಎರಡೇ ಅಡಿ ಮೇಲೆ ಕೂರಿಸಿದ್ದಾರೆ. ನೀರು ಎರಡಡಿ ಬಂದ ಕೂಡಲೇ ಪ್ಯಾನೆಲ್ ಮುಳುಗುತ್ತದೆ, ಪಂಪು ನಿಲ್ಲುತ್ತದೆ. ಅಂದರೆ ಪಂಪು ಯಾವಾಗ ಬೇಕೋ ಸರಿಯಾಗಿ ಆಗಲೇ ಕೈಕೊಡುವಂತೆ ಕಟ್ಟಿಟ್ಟಿದ್ದೀರಿ. ನೀರು ಏರಿದಾಗ ತೇಲಿ ಪಂಪನ್ನು ಚಾಲೂ ಮಾಡಬೇಕಾದ, ಪಂಪಿನ ಗುಂಡಿಯ ಫ್ಲೋಟ್ ಸ್ವಿಚ್ಚಿಗೆ ಹಾಲಿನ ಪ್ಯಾಕೆಟ್ಟು, ಬಟ್ಟೆ ಸುತ್ತಿಕೊಂಡು ಅದು ಮೇಲೇಳುವುದೇ ಇಲ್ಲ. ಜನರೇಟರ್ ಬಾಡಿಗೆಯದು, ಮಳೆ ಬಂದಾಗ ಲಾರಿಯಲ್ಲಿ ಬರಬೇಕು. ಆ ಲಾರಿಯೂ ಅದೇ ನೀರಲ್ಲಿ, ಅದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಪಂಪಿನ ನೀರು ಬೀಳುವ ಪೈಪಿನ ಬಾಯಿ ರಾಜಕಾಲುವೆಯ ಗೋಡೆಯ ಅರ್ಧ ಎತ್ತರದಲ್ಲಿದೆ. ಕಾಲುವೆ ತುಂಬಿದಾಗ ಆ ಬಾಯಿ ಮುಳುಗುತ್ತದೆ. ಪಂಪು ನಿಂತರೆ ಕಾಲುವೆಯ ನೀರು ಅದೇ ಪೈಪಿನಲ್ಲಿ ವಾಪಸ್ ಸೇತುವೆಗೆ ಇಳಿಯುತ್ತದೆ. ತಡೆಯಲು ಇದ್ದ ನಾನ್‌ರಿಟರ್ನ್ ವಾಲ್ವಿನ ಬಿಲ್ಲೆ ತುಕ್ಕು ಹಿಡಿದು ಕಳಚಿ, ಪಂಪ್ ಹೌಸಿನ ಹೊರಗೆ ಕಲ್ಲಿನ ಮೇಲೆ ಬಿದ್ದಿದೆ. ಕಳೆದ ವರ್ಷವೂ ಅಲ್ಲೇ ಬಿದ್ದಿತ್ತು. ಫೋಟೋ ಎರಡೂ ವರ್ಷದ್ದು ಲಗತ್ತಿಸಿದ್ದೇವೆ.

ಇದು ಯಾರ ಕೆಲಸ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರಗಳು: ಸೇತುವೆ ಕಟ್ಟಿದವರು "ಪಾಲಿಕೆಗೆ ಹಸ್ತಾಂತರಿಸಿದ್ದೇವೆ" ಎಂದರು. ರಸ್ತೆ ವಿಭಾಗ "ಪಂಪು ವಿದ್ಯುತ್ ವಿಭಾಗದ್ದು" ಎಂದಿತು. ವಿದ್ಯುತ್ ವಿಭಾಗ "ಪೈಪು ರಾಜಕಾಲುವೆಯವರದ್ದು" ಎಂದಿತು. ರಾಜಕಾಲುವೆಯ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) "ನಮ್ಮ ಗೋಡೆಗೆ ತೂತು ಕೊರೆದವರನ್ನೇ ಕೇಳಿ" ಎಂದರು. ಸಹಾಯವಾಣಿಗೆ ಕೊಟ್ಟ 11 ದೂರುಗಳಲ್ಲಿ 9ಕ್ಕೆ "ಪರಿಹರಿಸಲಾಗಿದೆ" ಎಂದು ಸಂದೇಶ ಬಂತು. ಸ್ಥಳಕ್ಕೆ ಯಾರೂ ಬರದೆ ಪರಿಹಾರವಾಗುವುದು ಹೇಗೆ? ಮಾಹಿತಿ ಹಕ್ಕು ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕಿತ್ತು. 70 ದಿನದ ನಂತರ ಬಂದದ್ದು "ಕೋರಿದ ಮಾಹಿತಿ ಈ ಕಚೇರಿಗೆ ಸಂಬಂಧಿಸಿಲ್ಲ" ಎಂಬ ಒಂದು ಸಾಲಿನ ಹಿಂಬರಹ. ಮಳೆಗಾಲಕ್ಕೆ ಮುಂಚಿನ ಸಭೆಯಲ್ಲಿ ವಾರದೊಳಗೆ ವಾಲ್ವ್ ಹಾಕಿಸುವುದಾಗಿ ಎಲ್ಲರ ಮುಂದೆ ಹೇಳಿದ ಅಧಿಕಾರಿಗೆ ತಿಂಗಳೊಳಗೆ ವರ್ಗವಾಯಿತು. ಹೊಸಬರು ಬಂದರು, ನಾವು ಮೊದಲಿನಿಂದ ಹೇಳಿದೆವು. ಅವರಿಗೂ ವರ್ಗವಾಯಿತು.

2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರಿನೊಳಗೆ ನೀರು ತುಂಬಿ ಒಬ್ಬ ಯುವತಿ ಪ್ರಾಣ ಬಿಟ್ಟಳು. ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ. ಅದಾದ ಮೇಲೂ ನಮ್ಮ ಸೇತುವೆಯ ಗೋಡೆಗೆ ಆಳದ ಗುರುತು ಬಳಿದಿಲ್ಲ, ಒಂದು ಅಡ್ಡಗೇಟು ಹಾಕಿಲ್ಲ. ಒಂದಡಿ ನೀರಿಗೆ ಹಳದಿ ಪಟ್ಟಿ, ಅದು ಮುಳುಗಿದರೆ ಗೇಟು ಬೀಳಬೇಕು, ಅಷ್ಟೇ. ಒಂದು ಡಬ್ಬಿ ಬಣ್ಣ, ಒಂದು ಕಬ್ಬಿಣದ ಕೊಳವೆ. ಈ ಬಾರಿ ಶಾಲಾ ವ್ಯಾನನ್ನು ನಿಲ್ಲಿಸಿ ಹಿಂದಕ್ಕೆ ಕಳಿಸಿದವರು ಪಕ್ಕದ ಪಂಕ್ಚರ್ ಅಂಗಡಿಯ ಹುಡುಗರು, ತಮ್ಮ ಸಿಬ್ಬಂದಿಯಲ್ಲ.

ಬಸ್ಸಿನ ವಿಷಯ. 23 ದಿನದಿಂದ ಬಸ್ಸು ಮುಖ್ಯರಸ್ತೆಯಲ್ಲೇ ತಿರುಗಿ ಹೋಗುತ್ತಿದೆ. ಅಲ್ಲಿಂದ ಒಳಗೆ ಸುಮಾರು ಎರಡು ಕಿಲೋಮೀಟರ್ ನಡಿಗೆ. ಗಾರ್ಮೆಂಟ್ಸ್ ಹೆಂಗಸರು ರಾತ್ರಿ ದೀಪವಿಲ್ಲದ ದಾರಿಯಲ್ಲಿ ಕೆಸರು ತುಳಿದು ಬರುತ್ತಿದ್ದಾರೆ. ಡಿಪೋದವರು "ರಸ್ತೆ ಸುರಕ್ಷಿತ ಎಂದು ಎಂಜಿನಿಯರ್ ಬರೆದುಕೊಟ್ಟರೆ ನಾಳೆಯೇ ಬಿಡುತ್ತೇವೆ" ಎನ್ನುತ್ತಾರೆ. ತಮ್ಮ ಎಂಜಿನಿಯರ್ "ರಸ್ತೆ ತೆರೆದೇ ಇದೆ, ಬರೆದು ಕೊಡುವುದೇನು" ಎನ್ನುತ್ತಾರೆ. ಡಿಪೋದವರು ಕೇಳುವುದು ಸರಿ. ತುಂಬಿದ ಬಸ್ಸಿನ ಹಿಂದಿನ ಆಕ್ಸಲ್ ಒಂದರ ಮೇಲೇ ಹತ್ತು ಟನ್ನಿನ ಹತ್ತಿರ ಭಾರ ಬೀಳುತ್ತದೆ. ಒಳಚರಂಡಿ ಪೈಪಿಗೆಂದು ರಸ್ತೆಯಲ್ಲಿ ಅಗೆದ ಕಂದಕಕ್ಕೆ ಪದರ ಪದರವಾಗಿ ದಿಮ್ಮಿಸದೆ ಸಡಿಲ ಮಣ್ಣು ಸುರಿದು ಮೇಲೆ ಡಾಂಬರು ಬಳಿದಿದ್ದರು. ಆ ಮಣ್ಣು ಈಗ ಕೊಚ್ಚಿಹೋಗಿ ಅಡಿಯಲ್ಲಿ ಟೊಳ್ಳಾಗಿದೆ. 6ನೇ ಅಡ್ಡರಸ್ತೆಯ ಮೂಲೆಯಲ್ಲಿ ಕಬ್ಬಿಣದ ಸಲಾಕೆಯಿಂದ ಕುಟ್ಟಿದರೆ ಶಬ್ದವೇ ಬೇರೆ ಬರುತ್ತದೆ.

ಅದನ್ನು ಬಿಟ್ಟು ತಾವು ಮಾಡಿಸಿದ್ದು ಗುಂಡಿ ಮುಚ್ಚುವ ಕೆಲಸ, ಅದೂ ನೀರು ನಿಂತ ಗುಂಡಿಗೆ ಟಿಪ್ಪರಿನಿಂದ ನೇರವಾಗಿ ಡಾಂಬರು ಜಲ್ಲಿ ಸುರಿದು. ನಾಲ್ಕನೇ ದಿನಕ್ಕೆ ಜಲ್ಲಿ ಎದ್ದು ಬೈಕಿನವರು ಜಾರುತ್ತಿದ್ದಾರೆ. ಗುಂಡಿಯನ್ನು ಚೌಕಾಕಾರವಾಗಿ ಗಟ್ಟಿ ಅಂಚು ಸಿಗುವವರೆಗೆ ಕತ್ತರಿಸಬೇಕು, ನೀರು ತೆಗೆದು ಒಣಗಿಸಬೇಕು, ಬದಿಗೂ ತಳಕ್ಕೂ ಟ್ಯಾಕ್ ಕೋಟ್ (ಅಂಟು ಹಿಡಿಯಲು ತೆಳು ಡಾಂಬರು) ಬಳಿಯಬೇಕು, ಬಿಸಿ ಮಿಶ್ರಣವನ್ನು ಪದರಗಳಲ್ಲಿ ಹಾಕಿ ರೋಲರ್ ಓಡಿಸಬೇಕು. ಗುತ್ತಿಗೆದಾರರಿಗೆ ಇದು ತಿಳಿಯದ್ದಲ್ಲ. ನೋಡುವವರಿಲ್ಲ, ಬಿಲ್ ಪಾಸಾಗುತ್ತದೆ.

ವೈಟ್ ಟಾಪಿಂಗ್, ಅಂದರೆ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಕೆ, ಮಾಡಿದಾಗ ರಸ್ತೆ ಮುಕ್ಕಾಲು ಅಡಿ ಎದ್ದಿತು. ಬದಿಯ ಚರಂಡಿಗೆ ನೀರು ಇಳಿಯುವ ಕಿಂಡಿಗಳನ್ನು ಹೊಸ ಮಟ್ಟಕ್ಕೆ ಹೊಂದಿಸಲಿಲ್ಲ, ಕೆಲವನ್ನು ಕಾಂಕ್ರೀಟಿನಲ್ಲೇ ಮುಚ್ಚಿದರು. ಈಗ ರಸ್ತೆಯ ನೀರಿಗೆ ಇಳಿಜಾರು ನಮ್ಮ ಗೇಟುಗಳ ಕಡೆಗೇ. ಇದೂ ನಾಲ್ಕನೇ ಪತ್ರದಲ್ಲಿದೆ.

ಹೂಳು. ಜೆಸಿಬಿ ಬಂದು ರಾಜಕಾಲುವೆಯ ಹೂಳೆತ್ತಿ ದಡದ ಮೇಲೆಯೇ ಗುಡ್ಡೆ ಹಾಕಿತು. ಟಿಪ್ಪರ್ ಬರಲಿಲ್ಲ. ಎಂಟನೇ ದಿನ ಅರ್ಧ ಗಂಟೆಯ ಮಳೆಗೆ ಮುಕ್ಕಾಲು ಪಾಲು ವಾಪಸ್ ಕಾಲುವೆಗೇ ಇಳಿಯಿತು. ಹೂಳೆತ್ತಿದ ಬಿಲ್ಲು ಮಾತ್ರ ಪೂರ್ತಿ ಆಗಿರುತ್ತದೆ. ಎತ್ತಿದ ಹೂಳು 24 ಗಂಟೆಯೊಳಗೆ ಬಡಾವಣೆಯಿಂದ ಹೊರಹೋಗಬೇಕು, ತೂಕದ ಚೀಟಿ ತೋರಿಸಿದರೆ ಮಾತ್ರ ಹಣ ಕೊಡಬೇಕು.

ಒಳಚರಂಡಿ. ಆ ಸಂಜೆ ನೀರು ಬೇಗ ಇಳಿಯಲೆಂದು ಸಿಬ್ಬಂದಿಯೇ ಸಲಾಕೆ ಹಾಕಿ ಮ್ಯಾನ್‌ಹೋಲ್ ಮುಚ್ಚಳಗಳನ್ನು ತೆರೆದರು. ಮನೆಗಳ ಕೊಳಚೆಗೆಂದು ಹಾಕಿದ ಪೈಪಿಗೆ ರಸ್ತೆಯ ಮಳೆನೀರೆಲ್ಲ ನುಗ್ಗಿತು. ತಗ್ಗಿನ 8 ಮತ್ತು 9ನೇ ಅಡ್ಡರಸ್ತೆಗಳ ಮನೆಗಳಲ್ಲಿ ಶೌಚಾಲಯದಿಂದ ಕೊಳಚೆ ಉಕ್ಕಿ ಅಡುಗೆಮನೆಗೆ ಬಂತು. ಈಗ ಆ ಪೈಪಿನ ತುಂಬ ಮರಳು ಕೂತಿದೆ. ರಭಸದ ನೀರು ಹಾಯಿಸಿ ಪೈಪು ತೊಳೆಯುವ ಜೆಟ್ಟಿಂಗ್ ಮಷೀನ್ ಒಮ್ಮೆ ಬಂದು ಎರಡು ಮ್ಯಾನ್‌ಹೋಲ್ ಮಾಡಿ ಹೋಯಿತು, ಒಟ್ಟು ಇರುವುದು 34. ಕಾಲುವೆಯ ಬದಿಯ ಮ್ಯಾನ್‌ಹೋಲುಗಳನ್ನು ಪ್ರವಾಹದ ಗೆರೆಗಿಂತ ಮೇಲೆ ಕಟ್ಟಿ, ಮುಚ್ಚಳ ಬೋಲ್ಟ್ ಮಾಡದಿದ್ದರೆ ಮುಂದಿನ ಮಳೆಗೂ ಇದೇ ಗತಿ.

ಸಂಪುಗಳನ್ನು ಶುದ್ಧ ಮಾಡಲು ಮನೆಗೊಂದು ಲೋಟ ಬ್ಲೀಚಿಂಗ್ ಪುಡಿ, ಒಂದು ಕರಪತ್ರ ಕೊಟ್ಟಿರಿ. ಕೆಸರು ತೆಗೆದು ಗೋಡೆ ಉಜ್ಜಿದ ಮೇಲೆ 1,000 ಲೀಟರಿಗೆ ಸುಮಾರು 150 ಗ್ರಾಂ ಪುಡಿ ಹಾಕಿ 12 ಗಂಟೆ ಬಿಟ್ಟು, ಆ ನೀರು ಚೆಲ್ಲಿ ಮತ್ತೆ ತುಂಬಿಸಬೇಕು. 6,000 ಲೀಟರಿನ ಸಂಪಿಗೆ 900 ಗ್ರಾಂ ಬೇಕು, ಲೋಟದ ಲೆಕ್ಕ ಯಾವ ಮೂಲೆಗೆ? ಅದೂ ಬಾಯಿ ಬಿಚ್ಚಿ ಎಷ್ಟೋ ದಿನವಾದ ಮೂಟೆಯದು, ವಾಸನೆಯೇ ಇರಲಿಲ್ಲ. ಕ್ಲೋರಿನ್ ಹಾರಿದ ಮೇಲೆ ಅದು ಬರೀ ಸುಣ್ಣ. ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆಗೆ ಇದುವರೆಗೆ ಒಬ್ಬರೂ ಬಂದಿಲ್ಲ. 7ನೇ ಅಡ್ಡರಸ್ತೆ ಒಂದರಲ್ಲೇ ಎಷ್ಟೋ ಮನೆಗಳಲ್ಲಿ ವಾಂತಿಭೇದಿ.

3ನೇ ಅಡ್ಡರಸ್ತೆಯ ಫೀಡರ್ ಪಿಲ್ಲರಿನ (ಬೀದಿಬದಿಯ ವಿದ್ಯುತ್ ಪೆಟ್ಟಿಗೆಯ) ಬಾಗಿಲು ಮುರಿದು ಒಳಗಿನ ತಂತಿ ಮಕ್ಕಳ ಕೈಗೆ ಎಟಕುವಂತಿದೆ. ಇನ್ಸುಲೇಷನ್ ಅಳೆಯದೆ ಅದರಿಂದಲೇ ಮನೆಗಳಿಗೆ ವಿದ್ಯುತ್ ಕೊಟ್ಟಿದ್ದಾರೆ. ಬೀದಿದೀಪ 14 ಉರಿಯುತ್ತಿಲ್ಲ. ಹಂದಿಯ ಕಳೇಬರ ಐದು ದಿನ ಮೋರಿಯಲ್ಲೇ ಇತ್ತು. ಸೊಳ್ಳೆಗೆ ಹೊಗೆ ಹಾಕಿದ್ದು ಒಂದೇ ಸಲ, ಅದೂ ಶಾಸಕರು ಬಂದ ದಿನ, ಅವರು ನಡೆದ ರಸ್ತೆಯಲ್ಲಿ ಮಾತ್ರ. ಪರಿಹಾರದ ಪಟ್ಟಿಯಲ್ಲಿ ಮನೆ ಮಾಲೀಕರ ಹೆಸರಿದೆ; ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕ ಕಳೆದುಕೊಂಡ ಬಾಡಿಗೆದಾರರದ್ದಿಲ್ಲ. ಆಸ್ತಿ ತೆರಿಗೆಯ ನೋಟಿಸು ಮಾತ್ರ ಎಲ್ಲರಿಗೂ ಸರಿಯಾದ ಸಮಯಕ್ಕೆ ಬಂದಿದೆ.

ಆದ್ದರಿಂದ ನಾವು ಒತ್ತಾಯಿಸುವುದು: ಏಳು ದಿನದೊಳಗೆ ಪ್ಯಾನೆಲ್ಲನ್ನು ಮೇಲಿನ ರಸ್ತೆಯ ಮಟ್ಟಕ್ಕೆ ಏರಿಸಿ, ಹೊಸ ವಾಲ್ವ್ ಹಾಕಿ, ಪೈಪಿನ ಬಾಯನ್ನು ಕಾಲುವೆ ಗೋಡೆಯ ಮೇಲಿಂದ ತರಬೇಕು. ಕಾಲುವೆಗೆ ಕೂಡುವ ಮೂರು ಚರಂಡಿಗಳ ಬಾಯಿಗೆ, ನೀರು ವಾಪಸ್ ಬಂದರೆ ತಾನೇ ಮುಚ್ಚಿಕೊಳ್ಳುವ ಫ್ಲ್ಯಾಪ್ ಕವಾಟ ಕೂರಿಸಬೇಕು. ಹಿಂಗಾರು ಮುಗಿಯುವವರೆಗೆ ಜನರೇಟರ್ ಸೇತುವೆಯ ಪಕ್ಕದಲ್ಲೇ ಇರಬೇಕು, ಪಾಳಿಯಲ್ಲಿ ಇಬ್ಬರು ಸಿಬ್ಬಂದಿಯೂ ಇರಬೇಕು. ಇನ್ನೆರಡು ಪಂಪುಗಳ ಅಂದಾಜುಪಟ್ಟಿ ಈ ತಿಂಗಳೊಳಗೆ ಆಗಬೇಕು. ಟೊಳ್ಳಾದ ಕಡೆ ಅಗೆದು ನೋಡಿ, ತುಂಬಿ, ದಿಮ್ಮಿಸಿ, ಡಿಪೋಗೆ ಲಿಖಿತ ಪತ್ರ ಕೊಡಬೇಕು. ಅಲ್ಲಿಯವರೆಗೆ ಮುಖ್ಯರಸ್ತೆಯಿಂದ ಒಳಗೆ ಮಿನಿ ಬಸ್ಸು ಬಿಡಿಸಬೇಕು. ಪ್ರತಿ ಕೆಲಸಕ್ಕೂ ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಮತ್ತು ದಿನಾಂಕ ನಮೂದಿಸಿ ಬರವಣಿಗೆಯಲ್ಲಿ ಉತ್ತರ ಬೇಕು. "ಪರಿಶೀಲನೆಯಲ್ಲಿದೆ" ಎಂಬ ಉತ್ತರವನ್ನು ಈ ಸಲ ನಾವು ಸ್ವೀಕರಿಸುವುದಿಲ್ಲ. ಏಳೂ ಪತ್ರಗಳ ಪ್ರತಿಯೊಂದಿಗೆ ಲೋಕಾಯುಕ್ತಕ್ಕೆ ದೂರು ಕೊಡುತ್ತೇವೆ.

ಜಂಟಿ ಸ್ಥಳ ಪರಿಶೀಲನೆಗೆ ಬರುವ ಭಾನುವಾರ ಬೆಳಗ್ಗೆ 7 ಗಂಟೆಗೆ ಪಂಪ್ ಹೌಸಿನ ಬಳಿ ನಾವೆಲ್ಲ ಇರುತ್ತೇವೆ. ರಸ್ತೆ, ವಿದ್ಯುತ್, ರಾಜಕಾಲುವೆ, ಒಳಚರಂಡಿ ನಾಲ್ಕೂ ವಿಭಾಗದವರನ್ನು ಒಟ್ಟಿಗೇ ಕರೆತನ್ನಿ. ಪಂಪ್ ಹೌಸಿನ ಬೀಗದ ಕೈ ಯಾರ ಬಳಿ ಇದೆಯೋ ಅವರೂ ಬರಲಿ.

ವಂದನೆಗಳೊಂದಿಗೆ,
ಬಡಾವಣೆಯ ನಿವಾಸಿಗಳು

ಲಗತ್ತು: ಸಹಿಗಳ ಹಾಳೆ, ಹಿಂದಿನ ಆರು ಪತ್ರಗಳ ಪ್ರತಿ, ಸಹಾಯವಾಣಿ ದೂರುಗಳ ವಿವರ, ಫೋಟೋಗಳು.