ಆತ್ಮಹತ್ಯೆಯಿಂದ ಮನೆಯವರನ್ನು ಕಳೆದುಕೊಂಡವರ ಪರವಾಗಿ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ತಮ್ಮ ಆತ್ಮಹತ್ಯೆಯಿಂದ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ತಮ್ಮ ಇಲಾಖೆಗೆ ಬರೆದ ನಾಲ್ಕು ಮನವಿಗಳಲ್ಲಿ ಒಂದಕ್ಕೂ ಉತ್ತರ ಬಾರದ ಕಾರಣ, ಐದನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಮ್ಮಂಥವರು ಆನ್‌ಲೈನ್‌ನಲ್ಲಿ ಸೇರಿ ಮಾತನಾಡಲು, ತರಬೇತಿ ಪಡೆದವರು ನಡೆಸುವ ಬೆಂಬಲ ಗುಂಪುಗಳನ್ನು ಇಲಾಖೆಯೇ ಆರಂಭಿಸಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಶವಾಗಾರದಲ್ಲಿ ತಮ್ಮನ ಕನ್ನಡಕವನ್ನು ನನ್ನ ಕೈಗಿತ್ತು, ಏಳು ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ಇನ್ನು ಮುಂದೆ ಯಾರ ಬಳಿ ಮಾತನಾಡಬಹುದು ಎಂಬುದು ಅವುಗಳಲ್ಲಿ ಒಂದರಲ್ಲೂ ಇರಲಿಲ್ಲ. ಹದಿನೈದು ದಿನಗಳ ನಂತರ, ಎದೆ ಒಡೆದುಹೋಗುವಂತಾದ ಒಂದು ರಾತ್ರಿ, ಸಹಾಯವಾಣಿಗೆ ಕರೆ ಮಾಡಿದೆ. "ನಿಮಗೆ ಸಾಯುವ ಯೋಚನೆ ಬರುತ್ತಿದೆಯೇ?" ಎಂದು ಕೇಳಿದರು. ಇಲ್ಲ, ಸತ್ತವನು ನನ್ನ ತಮ್ಮ ಎಂದೆ. "ಹಾಗಾದರೆ ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ" ಎಂದು ಫೋನ್ ಇಟ್ಟರು. ಹಾಗಾದರೆ ಯಾವ ವಿಭಾಗಕ್ಕೆ ಬರುತ್ತದೆ, ಸ್ವಾಮಿ? ಮೂರು ವರ್ಷಗಳಿಂದ ಇದೊಂದನ್ನೇ ಕೇಳುತ್ತಿದ್ದೇನೆ.

ಕೊನೆಗೆ ನಾವು ಆರು ಮಂದಿ ನಾವಾಗಿಯೇ ಒಬ್ಬರನ್ನೊಬ್ಬರು ಹುಡುಕಿಕೊಂಡು, ವಾರಕ್ಕೊಮ್ಮೆ ರಾತ್ರಿ ವಿಡಿಯೊ ಕರೆಯಲ್ಲಿ ಸೇರತೊಡಗಿದೆವು. ನೆಂಟರ ಮುಂದೆ "ಹೃದಯಾಘಾತ" ಎಂದು ಹೇಳಿಕೊಂಡು ಬಂದಿದ್ದ ತಾಯಿಯೊಬ್ಬರು ಮೂರನೆಯ ವಾರ, ಕ್ಯಾಮೆರಾ ಆಫ್ ಮಾಡಿಕೊಂಡೇ, ಮಗ ಹೇಗೆ ಹೋದನೆಂಬ ನಿಜವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಮುಖ ತೋರಿಸಬೇಕಾದ ಸಭೆಗೆ ಅವರು ಎಂದಿಗೂ ಬರುತ್ತಿರಲಿಲ್ಲ. ಆದರೆ ಇನ್ನೊಂದು ರಾತ್ರಿ, ಹೊಸದಾಗಿ ಸೇರಿದವರೊಬ್ಬರು ಗಂಡನ ಸಾವಿನ ರೀತಿಯನ್ನು ಬಿಡಿಬಿಡಿಯಾಗಿ ವಿವರಿಸತೊಡಗಿದಾಗ, ಅವರಿಗೆ ನೋವಾಗದಂತೆ ಮಾತನ್ನು ಹೇಗೆ ತಡೆಯಬೇಕೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಅಂದು ಕರೆ ಬಿಟ್ಟು ಹೋದ ಇಬ್ಬರು ಮರಳಿ ಬರಲೇ ಇಲ್ಲ. ತರಬೇತಿ ಪಡೆದವರು ಬೇಕೆಂದು ಒತ್ತಾಯಿಸುತ್ತಿರುವುದು ಇದಕ್ಕಾಗಿಯೇ.

ಇದು ತಮಗೆ ತಿಳಿಯದ ವಿಷಯವಲ್ಲ. ಪ್ರಪಂಚದಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆಂದು ಲೆಕ್ಕ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯೇ, ಅವರ ಹಿಂದೆ ಉಳಿದ ಮನೆಯವರಿಗಾಗಿ ಬೆಂಬಲ ಗುಂಪನ್ನು ಕಟ್ಟುವುದು ಹೇಗೆಂಬ ಕೈಪಿಡಿಯನ್ನು 2000ದಲ್ಲೇ ಹೊರತಂದಿದೆ. ಹೀಗೆ ಮನೆಯವರನ್ನು ಕಳೆದುಕೊಂಡವರಲ್ಲಿ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚೆಂಬುದನ್ನೂ ತಮ್ಮ ಅಧಿಕಾರಿಗಳು ಬಲ್ಲರು. ಬಲ್ಲವರು ಸುಮ್ಮನಿರುವುದನ್ನು ನನ್ನಿಂದ ಸಹಿಸಲಾಗುತ್ತಿಲ್ಲ.

ಗುಂಪುಗಳನ್ನು ಆರಂಭಿಸಿ. ಅವುಗಳನ್ನು ನಡೆಸುವವರಿಗೆ ತರಬೇತಿ ಕೊಡಿಸಿ, ಅಪಾಯ ಕಂಡಾಗ ಕರೆಯಬಹುದಾದ ವೈದ್ಯರೊಬ್ಬರನ್ನು ಜೊತೆಗಿಡಿ. ಶವವನ್ನು ಒಪ್ಪಿಸುವಾಗ ಕೊಡುವ ಏಳು ಕಾಗದಗಳ ಜೊತೆಗೆ, ಆ ಗುಂಪಿನ ವಿವರವಿರುವ ಎಂಟನೆಯದನ್ನೂ ಕೊಡಿ.

ಇಂತಿ,
ತಮ್ಮನನ್ನು ಕಳೆದುಕೊಂಡ ಒಬ್ಬ ಅಕ್ಕ