ಸವಲತ್ತಿಗೆ ನೌಕರರಲ್ಲ, ತಪಾಸಣೆಗೆ ಮಾತ್ರ ನೌಕರರೇ? ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ಬೆಂಗಳೂರಿನ ಐಟಿ ಕಂಪನಿಗಳಿಗೆ ಸ್ವತಂತ್ರ ಗುತ್ತಿಗೆಯ ಮೇಲೆ ದುಡಿಯುವ ಡೆವಲಪರ್, ಟೆಸ್ಟರ್, ಡಿಸೈನರ್, ಟೆಕ್ನಿಕಲ್ ರೈಟರ್‌ಗಳ ಪರವಾಗಿ ಈ ಪತ್ರ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ (ಕೆಲಸಕ್ಕೆ ಬರುವವರ ಹಿನ್ನೆಲೆ ತಪಾಸಣೆ) ಹೆಸರಿನಲ್ಲಿ ನಮ್ಮಿಂದ 'ಗ್ಯಾಪ್' ವಿವರಣೆ, ಅಂದರೆ ಕೆಲಸವಿಲ್ಲದಂತೆ ಕಾಣುವ ಅವಧಿಗೆ ಕಾರಣ, ಕೇಳುವುದನ್ನು ನಿಲ್ಲಿಸುವಂತೆ ನಿಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಬೇಕು. ಕೇಳುತ್ತಿರುವುದು ಇಷ್ಟೇ.

ನಮ್ಮ ಒಪ್ಪಂದದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ: ಇವರು ಕಂಪನಿಯ ನೌಕರರಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ರಜೆ ಇಲ್ಲ. ಅದಕ್ಕೆ ಒಪ್ಪಿಯೇ ಸಹಿ ಹಾಕುತ್ತೇವೆ. ಆದರೆ ಸಹಿಯ ಬೆನ್ನಿಗೇ ತಪಾಸಣೆ ಏಜೆನ್ಸಿಯ ಲಿಂಕ್ ಬರುತ್ತದೆ. ಅದರಲ್ಲಿ ಖಾಲಿ ಬಿಟ್ಟರೆ ಮುಂದಿನ ಪುಟಕ್ಕೇ ಹೋಗದ ಕಾಲಂಗಳು: ಎಂಪ್ಲಾಯಿ ಐಡಿ, ಎಚ್‌ಆರ್ ಇಮೇಲ್, ರಿಪೋರ್ಟಿಂಗ್ ಮ್ಯಾನೇಜರ್, ಕೊನೆಯ ಸಿಟಿಸಿ (ವರ್ಷದ ಒಟ್ಟು ಸಂಬಳ), ರಿಲೀವಿಂಗ್ ಲೆಟರ್, ಮೂರು ತಿಂಗಳ ಪೇಸ್ಲಿಪ್, ಪಿಎಫ್ ಖಾತೆಯ ಯುಎಎನ್ ಸಂಖ್ಯೆ. ಸ್ವತಂತ್ರ ಗುತ್ತಿಗೆಯ ಕೆಲಸಕ್ಕೆ ಇವು ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಹಿಂದೆ ಸಂಬಳಕ್ಕಿದ್ದಾಗಿನ ಯುಎಎನ್ ಹಾಕಿದರೆ ಪಿಎಫ್ ಪಾಸ್‌ಬುಕ್ ಕೊನೆಯ ಸಂಬಳದ ಕೆಲಸಕ್ಕೇ ನಿಂತಿರುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಗುತ್ತಿಗೆಯ ಮೇಲೆ ದುಡಿದ ವರ್ಷಗಳೆಲ್ಲ ಏಜೆನ್ಸಿಯ ವರದಿಯಲ್ಲಿ 'ಗ್ಯಾಪ್' ಆಗುತ್ತವೆ.

ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವ ನಡುವಿನ ಎರಡು ತಿಂಗಳು ನಮ್ಮ ವೃತ್ತಿಯ ಭಾಗವೇ. ಮುಂಗಾರಿನಲ್ಲಿ ಬಿತ್ತಿ ಸುಗ್ಗಿಯಲ್ಲಿ ದುಡ್ಡು ಕಾಣುವ ರೈತನನ್ನು ನಡುವಿನ ತಿಂಗಳುಗಳಲ್ಲಿ ಎಲ್ಲಿದ್ದೆ ಎಂದು ಯಾರೂ ಕೇಳುವುದಿಲ್ಲ. ನಮ್ಮನ್ನು ಕೇಳುತ್ತಾರೆ. ಒಂದು ಕಂಪನಿ 30 ದಿನ ದಾಟಿದರೆ ವಿವರಣೆ ಬೇಕು ಎನ್ನುತ್ತದೆ, ಇನ್ನೊಂದು 60, ಮತ್ತೊಂದು 90. ಈ ಗಡುವುಗಳು ಯಾವ ಕಾಯ್ದೆಯಲ್ಲೂ ಇಲ್ಲ, ಕಂಪನಿ ಮತ್ತು ಏಜೆನ್ಸಿ ತಮ್ಮ ತಮ್ಮಲ್ಲೇ ಮಾಡಿಕೊಂಡವು. ಬಾಯಿಮಾತಿನ ವಿವರಣೆಯೂ ಸಾಲದು. ಇ-ಸ್ಟಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಬೇಕು. ಕ್ಲೈಂಟ್ ಬದಲಾದಾಗಲೆಲ್ಲ ಇದು ಮೊದಲಿನಿಂದ ಶುರು. ಹಿಂದಿನ ಏಜೆನ್ಸಿ ಹಸಿರು, ಅಂದರೆ ಎಲ್ಲ ಸರಿಯಿದೆ, ಎಂದು ಕೊಟ್ಟ ವರದಿಗೆ ಹೊಸ ಏಜೆನ್ಸಿಯಲ್ಲಿ ಬೆಲೆಯಿಲ್ಲ.

ದಾಖಲೆ ಇಲ್ಲದವರ ಗೋಳು ಇದಲ್ಲ ಸ್ವಾಮಿ, ದಾಖಲೆ ಇದ್ದೂ ಒಪ್ಪದವರ ವಿಷಯ. ತೆರಿಗೆ ಕಡಿತದ ಪ್ರಮಾಣಪತ್ರವಾಗಿ ಸಂಬಳದವರಿಗೆ ಫಾರಂ 16 ಬಂದರೆ ನಮಗೆ ಬರುವುದು 16ಎ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಂ ಅಡಿ ಕ್ಲೈಂಟ್ ಹಿಡಿದ ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ತೆರಿಗೆ), ಕ್ಲೈಂಟ್‌ನ ಹೆಸರು ಮತ್ತು ಟ್ಯಾನ್ (ತೆರಿಗೆ ಮುರಿಯುವವರ ಸಂಖ್ಯೆ) ಸಮೇತ ತೆರಿಗೆ ಇಲಾಖೆಯ ವಾರ್ಷಿಕ ಪಟ್ಟಿ 26ಎಎಸ್‌ನಲ್ಲಿ ಕಾಣುತ್ತದೆ. ಸರ್ಕಾರವೇ ಕೊಡುವ ಈ ಪುರಾವೆಯನ್ನು ಏಜೆನ್ಸಿಯ ಹುಡುಗರು ಓದುವ ರೀತಿ ನೋಡಿ. ಟಿಡಿಎಸ್ ಹಿಡಿಯುವುದು ಹಣ ಪಾವತಿಯಾದಾಗ ಅಥವಾ ಖಾತೆಗೆ ಜಮೆ ತೋರಿಸಿದಾಗ, ಯಾವುದು ಮೊದಲೋ ಆಗ. ಜನವರಿಯಿಂದ ಮಾರ್ಚ್‌ವರೆಗೆ ಮಾಡಿದ ಕೆಲಸದ ಬಿಲ್ಲನ್ನು ಕ್ಲೈಂಟ್ ಮೇ ತಿಂಗಳಲ್ಲಿ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಜೂನ್ ತ್ರೈಮಾಸಿಕದಲ್ಲಿ, ಹೊಸ ಹಣಕಾಸು ವರ್ಷದಲ್ಲಿ ಬೀಳುತ್ತದೆ. ಏಜೆನ್ಸಿ ಬರೆಯುತ್ತದೆ: 'ಜನವರಿ–ಮಾರ್ಚ್ ಕೆಲಸಕ್ಕೆ ಪುರಾವೆ ಇಲ್ಲ, ದಿನಾಂಕ ತಾಳೆಯಾಗುತ್ತಿಲ್ಲ.' ಕ್ಲೈಂಟ್ ಮಾರ್ಚ್‌ನಲ್ಲೇ ಟಿಡಿಎಸ್ ಹಿಡಿದಿದ್ದರೂ ಆ ತ್ರೈಮಾಸಿಕದ 16ಎ ಕೊಡಲು ಅವರಿಗೆ ಜೂನ್ 15ರವರೆಗೆ ಕಾಲಾವಕಾಶ ಇರುತ್ತದೆ. ಏಪ್ರಿಲ್‌ನಲ್ಲೇ ತಪಾಸಣೆ ನಡೆದರೆ ಇನ್ನೂ ಹುಟ್ಟದ ಕಾಗದವನ್ನು ಎಲ್ಲಿಂದ ತರುವುದು?

ಸಣ್ಣ ಕೆಲಸಗಳ ಪಾಡು ಇನ್ನೂ ಕಷ್ಟ. ಒಬ್ಬ ಕ್ಲೈಂಟ್ ವರ್ಷಕ್ಕೆ ಕೊಟ್ಟದ್ದು ಮಿತಿ ದಾಟದಿದ್ದರೆ ಈ ಟಿಡಿಎಸ್ ಇಲ್ಲ. 2025ರ ಮಾರ್ಚ್‌ವರೆಗೆ ಆ ಮಿತಿ 30,000 ರೂಪಾಯಿ ಇತ್ತು, 2025ರ ಏಪ್ರಿಲ್‌ನಿಂದ 50,000. ಟಿಡಿಎಸ್ ಇಲ್ಲವೆಂದರೆ 26ಎಎಸ್‌ನಲ್ಲಿ ಸಾಲೇ ಇಲ್ಲ. ವಿದೇಶಿ ಕ್ಲೈಂಟ್ ಡಾಲರ್‌ನಲ್ಲಿ ಕೊಟ್ಟರೂ ಅಷ್ಟೇ. ಆಗ ಉಳಿಯುವ ಪುರಾವೆ ಒಪ್ಪಂದ, ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ವಿದೇಶಿ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪತ್ರ. ಈ ನಾಲ್ಕನ್ನೂ ಕೊಟ್ಟರೂ 'ಎಚ್‌ಆರ್ ಅಧಿಕೃತ ಇಮೇಲ್‌ನಿಂದ ಉತ್ತರ ಬಂದಿಲ್ಲ' ಎಂದು ಕಡತ ಕೆಂಪಾಗುತ್ತದೆ. ಮುಚ್ಚಿಹೋದ ಸ್ಟಾರ್ಟಪ್‌ನ ಎಚ್‌ಆರ್ ಎಲ್ಲಿಂದ ಉತ್ತರಿಸಬೇಕು? ಆ ಕಂಪನಿಯ ನೋಂದಣಿ ರದ್ದಾಗಿದೆಯೇ ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅಷ್ಟು ಕೆಲಸವನ್ನೂ ಮಾಡುವುದಿಲ್ಲ.

ವೆಂಡರ್ (ಕೆಲಸಗಾರರನ್ನು ಒದಗಿಸುವ ಮಧ್ಯವರ್ತಿ ಕಂಪನಿ) ಸರಪಳಿ ಇದ್ದರಂತೂ ದೇವರೇ ಗತಿ. ಕೆಲಸ ದೊಡ್ಡ ಕಂಪನಿಯದ್ದು, ಗುತ್ತಿಗೆ ದೊಡ್ಡ ವೆಂಡರ್‌ನದ್ದು, ಬಿಲ್ ಪಾವತಿಸುವುದು ಅದರ ಕೆಳಗಿನ ಸಣ್ಣ ವೆಂಡರ್. ಏಜೆನ್ಸಿ ನೇರವಾಗಿ ದೊಡ್ಡ ಕಂಪನಿಗೆ ಮೇಲ್ ಹಾಕುತ್ತದೆ. 'ಈ ಹೆಸರಿನವರು ನಮ್ಮ ದಾಖಲೆಯಲ್ಲಿಲ್ಲ' ಎಂದು ಉತ್ತರ ಬರುತ್ತದೆ. ಅದು ಸತ್ಯವೇ, ಪಟ್ಟಿಯಲ್ಲಿರುವವರು ಅವರ ನೌಕರರು ಮಾತ್ರ. ಆದರೆ ಅದೇ ಸಾಲು ವರದಿಯಲ್ಲಿ 'ಸುಳ್ಳು ಅನುಭವ' ಎಂದಾಗಿಬಿಡುತ್ತದೆ.

ಹೆಸರಿನ ತಕರಾರು ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರು ಮತ್ತು ಅಪ್ಪನ ಹೆಸರಿನ ಇನಿಶಿಯಲ್ ಮಾತ್ರ, ಪ್ಯಾನ್‌ನಲ್ಲಿ ಅದೇ ಬಿಡಿಸಿ ಬರೆದದ್ದು. ಕರ್ನಾಟಕದಲ್ಲಿ ಬೆಳೆದ ಎಷ್ಟೋ ಜನಕ್ಕೆ ಹೀಗೇ ಇದೆ. ನ್ಯಾಯಾಲಯದ ದಾಖಲೆಯನ್ನು ಬರೀ ಹೆಸರಿನಿಂದ ಹುಡುಕಿದರೆ ರಾಜ್ಯದ ಎಲ್ಲ ಮಂಜುನಾಥರ ಕೇಸುಗಳೂ ಒಬ್ಬ ಮಂಜುನಾಥನ ತಲೆಗೆ ಬರುತ್ತವೆ. ತಂದೆಯ ಹೆಸರು, ವಿಳಾಸ, ವಯಸ್ಸು ತಾಳೆ ನೋಡದೆ ವರದಿಗೆ ಸೇರಿಸುವುದು ಅನ್ಯಾಯ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದೊಂದಿದೆ. ಅಮ್ಮನ ಕಾಯಿಲೆಗೆಂದು ನಾಲ್ಕು ತಿಂಗಳು ಹೊಸ ಕೆಲಸ ಒಪ್ಪಿಕೊಳ್ಳಲಿಲ್ಲ ಎಂದು ಬರೆದರೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಕೇಳುತ್ತಾರೆ. ಅಮ್ಮ ತೀರಿಕೊಂಡರು ಎಂದರೆ ಮರಣ ಪ್ರಮಾಣಪತ್ರ. ಗರ್ಭಪಾತವಾಗಿ ಮನೆಯಲ್ಲಿದ್ದ ಹೆಣ್ಣುಮಗಳಿಗೂ ವೈದ್ಯಕೀಯ ಕಾಗದ ಅಪ್‌ಲೋಡ್ ಮಾಡು ಎನ್ನುತ್ತಾರೆ. ಮೂರು ತಿಂಗಳು ಕೋಡ್ ಬರೆದುಕೊಡಲು ಬಂದವಳ ಗರ್ಭದ ಕಥೆ ಆ ಕಂಪನಿಗೆ ಏಕೆ ಬೇಕು ಸ್ವಾಮಿ? ಆ ಕಾಗದ ಯಾರ ಸರ್ವರ್‌ನಲ್ಲಿ, ಎಷ್ಟು ವರ್ಷ ಇರುತ್ತದೆ? ಯಾರು ಕೇಳಬೇಕು ಇದನ್ನು?

ಕೆಂಪು ವರದಿಯ ಪ್ರತಿ ನಮಗೆ ಕೊಡುವುದಿಲ್ಲ. 'ವೆರಿಫಿಕೇಶನ್ ಕ್ಲಿಯರ್ ಆಗಿಲ್ಲ' ಎಂಬ ಒಂದು ಸಾಲಿನ ಮೇಲ್ ಬರುತ್ತದೆ, ಅಂದೇ ಲಾಗಿನ್ ಬಂದ್. ಕೆಲಸ ಶುರುವಾಗಿ ಆರು ವಾರವಾಗಿದ್ದರೂ ಅಷ್ಟೇ, ಮಾಡಿದ ಕೆಲಸದ ಇನ್‌ವಾಯ್ಸ್ ಕೂಡ ತಡೆಹಿಡಿಯುತ್ತಾರೆ.

ಕಾಯ್ದೆಗಳು ತಮಗೆ ತಿಳಿದವೇ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ, ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಕೊಡಬೇಕೆಂದು ನೀವೇ ಬರೆದಿರಿ. ಒಳ್ಳೆಯ ಕೆಲಸ. ಆದರೆ ಅದು ಆ್ಯಪ್‌ನಂಥ ಪ್ಲಾಟ್‌ಫಾರಂ ಮೂಲಕ ದುಡಿಯುವವರಿಗೆ, ವೆಂಡರ್ ಮೂಲಕ ದುಡಿಯುವ ನಮಗಲ್ಲ. 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯ 56ನೇ ಕಲಂ, ಗುತ್ತಿಗೆ ಕಾರ್ಮಿಕರು ಕೇಳಿದರೆ ಗುತ್ತಿಗೆದಾರ ಅನುಭವ ಪತ್ರ ಕೊಡಲೇಬೇಕು ಎನ್ನುತ್ತದೆ. ಅದರ ನಮೂನೆ ನಿಗದಿ ಮಾಡುವ ಅಧಿಕಾರ ರಾಜ್ಯಕ್ಕಿದೆ. ಸ್ವತಂತ್ರ ಗುತ್ತಿಗೆಯವರು ಅದರೊಳಗೂ ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ವಿವರ ತಿದ್ದಿಸಿಕೊಳ್ಳುವ ಹಕ್ಕನ್ನೇನೋ ಬರೆದಿದೆ, ಆದರೆ ವರದಿಯೇ ಕೈಗೆ ಸಿಗದಿದ್ದರೆ ಏನನ್ನು ತಿದ್ದಿಸುವುದು? ಸ್ಥಾಯಿ ಆದೇಶಗಳಿಂದ (ನೌಕರಿಯ ಷರತ್ತುಗಳನ್ನು ಬರೆದಿಡಬೇಕೆಂಬ ನಿಯಮ) ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಾಗ ಷರತ್ತು ಹಾಕಿದ್ದು ನಿಮ್ಮ ಇಲಾಖೆಯೇ. ಆ ಕಂಪನಿಗಳಿಗೆ ಇನ್ನೊಂದು ಮಾತು ಹೇಳಲು ಅಡ್ಡಿ ಏನು?

ಗುರುತು, ವಿದ್ಯಾಭ್ಯಾಸ, ಕ್ರಿಮಿನಲ್ ದಾಖಲೆ ಪರೀಕ್ಷಿಸಲಿ, ನಮ್ಮ ಅಡ್ಡಿಯಿಲ್ಲ. ಗ್ರಾಹಕರ ದತ್ತಾಂಶ ಮುಟ್ಟುವವರು ಯಾರೆಂದು ಕಂಪನಿಗೆ ತಿಳಿದಿರಬೇಕು. ಆದರೆ ಸುತ್ತೋಲೆಯಲ್ಲಿ ಇಷ್ಟು ಬರಲಿ: ಸ್ವತಂತ್ರ ಗುತ್ತಿಗೆಯವರನ್ನು ಗ್ಯಾಪ್ ಕೇಳಕೂಡದು. ಒಪ್ಪಂದ, ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, 16ಎ ಅಥವಾ 26ಎಎಸ್‌ನಂಥ ತೆರಿಗೆ ದಾಖಲೆ, ಇವುಗಳಲ್ಲಿ ಯಾವುದಾದರೂ ಎರಡು ತಾಳೆಯಾದರೆ ಅನುಭವ ದೃಢಪಟ್ಟಂತೆ. ವೈದ್ಯಕೀಯ ಕಾಗದ ಕೇಳಕೂಡದು. ಕೆಂಪು ವರದಿಯ ಪ್ರತಿ ಕೊಟ್ಟು, ಉತ್ತರಿಸಲು 14 ದಿನ ಬಿಟ್ಟು, ಆಮೇಲಷ್ಟೇ ತೀರ್ಮಾನ. ಒಮ್ಮೆ ಹಸಿರಾದ ವರದಿ 12 ತಿಂಗಳು ಎಲ್ಲ ಕ್ಲೈಂಟ್‌ಗಳಿಗೂ ಸಲ್ಲಬೇಕು. ಮಾಡಿದ ಕೆಲಸದ ಹಣವನ್ನು ತಪಾಸಣೆಯ ನೆಪದಲ್ಲಿ ತಡೆಯಕೂಡದು.

ಇದಕ್ಕೆ ಸಮಿತಿ ಬೇಡ, ಅಧ್ಯಯನ ಬೇಡ. ನೌಕರರಲ್ಲದವರನ್ನು ಗ್ಯಾಪ್ ಕೇಳುವುದನ್ನು ನಿಲ್ಲಿಸಿ ಎಂದು ಕಾರ್ಮಿಕ ಆಯುಕ್ತರ ಸಹಿಯಲ್ಲಿ ಒಂದು ಸುತ್ತೋಲೆ ಸಾಕು. ಈ ತಿಂಗಳಲ್ಲೇ ಹೊರಡಿಸಿ.

ಇಂತಿ,
ಬೆಂಗಳೂರಿನ ಸ್ವತಂತ್ರ ಗುತ್ತಿಗೆ ವೃತ್ತಿಪರರು